1984ರ ಪುಟ್ಟ ಮೋಟರ್‌ಹೋಮ್, ತಗೋಬಹುದಾ?

ಅಲೆಮಾರಿ:
ಟೊಯೋಟಾ ಪಿಕಪ್ ಚಾಸಿ ಮೇಲೆ ಕಟ್ಟಿದ 1984ರ ಮೋಟರ್‌ಹೋಮ್ (ಒಳಗೇ ಮಲಗಿ ಬದುಕಬಹುದಾದ ಗಾಡಿ-ಮನೆ) ಒಂದು ನೋಡಿ ಬಂದೆ. 22ಆರ್ ಇಂಜಿನ್, ಕಾರ್ಬುರೇಟರ್ ಗಾಡಿ. ಒಂದೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯ್ತು, ಹೊಗೆ ಇಲ್ಲ. ಏರಿನಲ್ಲಿ ಮಾತ್ರ ಉಸಿರು ಕಟ್ಟಿದ ಹಾಗೆ ಆಡಿತು, ಲಾರಿಗಳೂ ನಮ್ಮನ್ನು ಹಿಂದಿಕ್ಕಿದವು. ಡ್ರೈವರ್ ತಲೆ ಮೇಲಿನ ಹಾಸಿಗೆ ಮೂಲೆಯಲ್ಲಿ ಅಂಗೈಯಷ್ಟು ಕಂದು ಕಲೆ ಇದೆ. ಅದು ಹಳೇದು, ಈಗ ಸೋರಲ್ಲ ಅಂತ ಮಾರುವವರು ಹೇಳುತ್ತಾರೆ. ಹಿಂದೆ ಜೋಡಿ ಟೈರ್. ಇನ್ನೇನು ನೋಡಬೇಕು?

ನಟ್‌ಬೋಲ್ಟ್:
ಇಂಜಿನ್ ಕಥೆ ಆಮೇಲೆ. ಮೊದಲು ಹಿಂದಿನ ಚಕ್ರದ ನಟ್ ಎಣಿಸಿ. 5 ಇದ್ದರೆ ಅದು ಮಾಮೂಲಿ ಪಿಕಪ್ಪಿನ ಸೆಮಿ ಫ್ಲೋಟಿಂಗ್ ಆಕ್ಸಲ್ (ಚಕ್ರಗಳ ಅಚ್ಚು), ಜೋಡಿ ಟೈರ್ ಬರೀ ತೋರಿಕೆಗೆ. ಅದರಲ್ಲಿ ಒಳಗಿನ ಸರಳು, ಅಂದರೆ ಶಾಫ್ಟೇ ಚಕ್ರ ತಿರುಗಿಸಬೇಕು, ಶಾಫ್ಟೇ ಭಾರವನ್ನೂ ಹೊರಬೇಕು, ಮೇಲೆ ಇಡೀ ಮನೆ ಕೂತಿರುತ್ತೆ, ಶಾಫ್ಟ್ ಮುರಿದರೆ ಚಕ್ರ ಅದರ ಪಾಡಿಗೆ ಅದು ಹೊರಟುಬಿಡುತ್ತೆ. 6 ನಟ್ ಇದ್ದು, ನಡುವೆ ಹಬ್ ಹೊರಗೆ ಚಾಚಿಕೊಂಡಿದ್ದರೆ ಒಂದು ಟನ್ನಿನ ಫುಲ್ ಫ್ಲೋಟಿಂಗ್. ಅಲ್ಲಿ ಭಾರ ಹೊರುವುದು ಹೊರಗಿನ ಕವಚ, ಅಂದರೆ ಹೌಸಿಂಗ್, ಶಾಫ್ಟಿಗೆ ತಿರುಗಿಸುವ ಕೆಲಸ ಅಷ್ಟೇ. ಅಮೆರಿಕದಲ್ಲಿ 5 ನಟ್ಟಿನ ಆಕ್ಸಲ್ ಬದಲಿಸೋಕೆ ಗಾಡಿಗಳನ್ನು ವಾಪಸ್ ಕರೆಸಿದ್ದೂ (ರೀಕಾಲ್) ಇದೆ, ಹಾಗಾಗಿ ಹಳೇ ಗಾಡಿಯಲ್ಲೂ 6 ಸಿಗಬಹುದು.

ಸೋರುವ ಸೂರು:
"ಈಗ ಸೋರಲ್ಲ" ಅಂತ ನನಗೂ ಹೇಳಿದ್ದರು, ನಾನೂ ನಂಬಿದ್ದೆ! ಆ ಕಲೆ ಇರುವ ಕಡೆ ಹೆಬ್ಬೆರಳಲ್ಲಿ ಒತ್ತಿ ನೋಡಿ. ನನ್ನ ಗಾಡಿಯಲ್ಲಿ ಗೋಡೆ ನೆನೆದ ರಟ್ಟಿನ ಹಾಗೆ ಒಳಗೆ ಹೋಯ್ತು, ಪ್ಯಾನೆಲ್ ಬಿಚ್ಚಿದರೆ ಒಳಗಿನ ರೀಪು ಕೈಯಲ್ಲೇ ಪುಡಿ ಪುಡಿ. ಹೊರಗೆ ಅಲ್ಯೂಮಿನಿಯಂ ತಗಡು ಥಳಥಳ ಹೊಳೆಯುತ್ತಿತ್ತು. ನೀರು ಇಳಿಯುವುದು ಮೂಲೆ ಪಟ್ಟಿ, ಮುಂದಿನ ಕಿಟಕಿ, ಚಾವಣಿ ಗವಾಕ್ಷಿ ಸುತ್ತ. ನಾನು ಮಾಡಿದ ತಪ್ಪು ಅಂದರೆ ಸುಮ್ನೆ ಮೇಲಿಂದ ಸಿಲಿಕೋನ್ ಬಳಿದದ್ದು. ಆಮೇಲೆ ಅದರ ಮೇಲೆ ಬೇರೆ ಯಾವ ಸೀಲೆಂಟೂ ಹಿಡಿಯಲಿಲ್ಲ, ಎಲ್ಲ ಕೆರೆದು ತೆಗೆಯೋಕೆ ಎರಡು ವಾರ ಹಿಡಿಯಿತು. ಪಟ್ಟಿ ಬಿಚ್ಚಿ, ಕೆಳಗೆ ಬ್ಯುಟೈಲ್ ಟೇಪ್ (ಅಂಟಂಟು ರಬ್ಬರ್ ಪಟ್ಟಿ) ಹಾಕಿ ಮತ್ತೆ ಬಿಗಿಯಬೇಕು, ಬೇರೆ ದಾರಿ ಇಲ್ಲ. ಫೈಬರ್‌ಗ್ಲಾಸ್ ಬಾಡಿ ಆದರೆ ಈ ತಲೆನೋವು ಕಡಿಮೆ.

ಮೂರನೇ ಗೇರ್:
ಇಂಜಿನ್ ಗಟ್ಟಿ, ಆದರೆ ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಕೇಳಿ. ಮುಂದಿನ ಕಡೆ ಗಲಗಲ ಅಂದರೆ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್ ಹೋಗಿದೆ. ಬಿಟ್ಟರೆ ಚೈನು ಕವರನ್ನೇ ಕೊರೆದು ಕೂಲೆಂಟ್ ಆಯಿಲ್ಲಿಗೆ ಇಳಿಯುತ್ತೆ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: ಮೊದಲೆರಡು ಅಂಕಿ ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. ಜೋಡಿಯಲ್ಲಿ ಒಳಗಿನ ಟೈರನ್ನು ಯಾರೂ ನೋಡಿರಲ್ಲ, ಬಗ್ಗಿ ಟಾರ್ಚ್ ಹಾಕಿ. ಟ್ಯಾಂಕ್ ತುಂಬಾ ನೀರು ಹೊತ್ತು ತಿರುಗಬೇಡಿ, 80 ಲೀಟರ್ ಅಂದರೆ 80 ಕೇಜಿ, ಒಬ್ಬ ದಪ್ಪ ಮನುಷ್ಯ ಜಾಸ್ತಿ ಕೂತ ಹಾಗೆ. ಏರಿನಲ್ಲಿ ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) ಆಫ್ ಮಾಡಿ, ಅವಸರ ಮರೆತುಬಿಡಿ.

ಅಲೆಮಾರಿ:
ಈಗ ಎಣಿಸಿ ಬಂದೆ. 5. ಹೆಬ್ಬೆರಳೂ ಒಳಗೆ ಹೋಯ್ತು.

ನಟ್‌ಬೋಲ್ಟ್:
ಹಾಗಿದ್ರೆ 6 ನಟ್ಟಿನ ಆಕ್ಸಲ್ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ ಅಂತ ಮೊದಲು ವಿಚಾರಿಸಿ, ಆಮೇಲೆ ಗಾಡಿ ರೇಟು ಮಾತಾಡಿ. ಅಲ್ಲಿವರೆಗೆ ಅದನ್ನು ಮನೆಗೆ ಓಡಿಸಿಕೊಂಡು ಬರಬೇಡಿ, ಟ್ರಕ್ ಮೇಲೆ ತನ್ನಿ.