ಅಪ್ಪನಿಗೆ ಕಿಡ್ನಿ ಕಸಿ: ವರ್ಕಪ್ (ಕಸಿಗೆ ಮುಂಚಿನ ತಪಾಸಣೆ) ದಾಟಿ ಬಂದವರು ದಯವಿಟ್ಟು ತಿಳಿಸಿ

ಕೇಳಿದವರು, ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಹಳೆಯ ಶುಗರ್, ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಸಿ ಮಾಡಬಹುದಾ ಅಂತ ಕೇಳಿದ್ದಕ್ಕೆ ಡಾಕ್ಟರು ಉದ್ದದ ಪಟ್ಟಿ ಕೊಟ್ಟಿದ್ದಾರೆ. ಹಲ್ಲು, ಹೃದಯ, ಕಾಲಿನ ರಕ್ತನಾಳ, ಏನೇನೋ. ಇದೆಲ್ಲ ನಿಜಕ್ಕೂ ಬೇಕಾ? ವಯಸ್ಸು ಅಡ್ಡಿಯಾಗುತ್ತಾ? ಅಮ್ಮ ಕೊಡಲು ತಯಾರಿದ್ದಾರೆ, ಆದರೆ ಅಪ್ಪನ ರಕ್ತ ಓ, ಅಮ್ಮನದು ಬಿ. ನನ್ನ ಗಂಡನದು ಓ, ಅವರೂ ಕೊಡುತ್ತೇನೆ ಅನ್ನುತ್ತಿದ್ದಾರೆ.

ಮೈಸೂರು, ಗಂಡನಿಗೆ ಕಸಿ ಆಗಿದೆ
ಎಲ್ಲವೂ ಬೇಕು ಕಣಮ್ಮಾ. ಕಸಿ ಆದಮೇಲೆ ದೇಹ ಹೊಸ ಕಿಡ್ನಿಯನ್ನು ತಳ್ಳಿಹಾಕಬಾರದು ಅಂತ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಆ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ಆಗ ಹುಳುಕು ಹಲ್ಲಿನ ಕೀವು, ಎಂದೋ ಬಂದು ಅಡಗಿ ಕೂತ ಟಿಬಿ, ಎಲ್ಲ ತಲೆ ಎತ್ತುತ್ತವೆ. ಹಿಂದೆ ಟಿಬಿ ಆಗಿದ್ದರೆ ಮರೆಮಾಚಬೇಡಿ.

ಹೃದಯದ್ದು ಇನ್ನೂ ಮುಖ್ಯ. ಶುಗರ್ ಇದ್ದವರಿಗೆ ಎದೆನೋವೇ ಬರದೆ ರಕ್ತನಾಳ ಕಟ್ಟಿರಬಹುದು. ನಮ್ಮವರ ಎಕೋ, ಅಂದರೆ ಹೃದಯದ ಸ್ಕ್ಯಾನ್, ಚೆನ್ನಾಗಿತ್ತು. ಆದರೂ ರಕ್ತನಾಳಕ್ಕೆ ಬಣ್ಣ ಬಿಟ್ಟು ನೋಡುವ ಆಂಜಿಯೋಗ್ರಾಮ್ ಮಾಡಿದರು, ಬ್ಲಾಕ್ ಸಿಕ್ಕಿತು, ಸ್ಟೆಂಟ್ ಹಾಕಿದರು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ಕೂಡಲೇ ನಿಲ್ಲಿಸುವ ಹಾಗಿಲ್ಲ. ಕಸಿ ತಿಂಗಳುಗಟ್ಟಲೆ ಮುಂದೆ ಹೋಯಿತು. ಮನೆಯಲ್ಲಿ ಎಲ್ಲರಿಗೂ ಸಿಟ್ಟು. ಆದರೆ ಆ ಬ್ಲಾಕ್ ಆಪರೇಷನ್ ಟೇಬಲ್ ಮೇಲೆ ಗೊತ್ತಾಗಿದ್ದರೆ?

ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಯಾಕೆ ಅಂದರೆ, ಹೊಸ ಕಿಡ್ನಿಯನ್ನು ಕಿಬ್ಬೊಟ್ಟೆಯಲ್ಲಿಟ್ಟು ಕಾಲಿಗೆ ಹೋಗುವ ರಕ್ತನಾಳಕ್ಕೆ ಜೋಡಿಸುತ್ತಾರೆ. ಶುಗರ್‌ನಿಂದ ಅದು ಸುಣ್ಣಗಟ್ಟಿದ್ದರೆ ಹೊಲಿಗೆ ಕೂರುವುದು ಕಷ್ಟ.

ಹುಬ್ಬಳ್ಳಿ, ಡಯಾಲಿಸಿಸ್ ಘಟಕದ ನರ್ಸ್
ಹಿಮೋಗ್ಲೋಬಿನ್ ಕಡಿಮೆ ಅಂದ ಕೂಡಲೇ ರಕ್ತ ಹಾಕಿಸಲು ಓಡಬೇಡಿ. ಬೇರೆಯವರ ರಕ್ತ ಸೇರಿದರೆ ದೇಹದಲ್ಲಿ ಪರರ ಅಂಗದ ಮೇಲೆ ದಾಳಿ ಮಾಡುವ ಆಂಟಿಬಾಡಿ ಹುಟ್ಟಬಹುದು. ಆಮೇಲೆ ರಕ್ತದ ಗುಂಪು ಹೊಂದಿದರೂ ದಾನಿಗೂ ರೋಗಿಗೂ ಹೊಂದುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್ ಟೆಸ್ಟ್ ಪಾಸಿಟಿವ್ ಬರಬಹುದು, ಅಂದರೆ ಆ ದಾನಿಯ ಕಿಡ್ನಿ ಸುಲಭಕ್ಕೆ ಒಗ್ಗುವುದಿಲ್ಲ. ಕಬ್ಬಿಣದ ಅಂಶ, ದೇಹವೇ ರಕ್ತ ಹುಟ್ಟಿಸುವಂತೆ ಮಾಡುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್, ಇವುಗಳಲ್ಲೇ ಆದಷ್ಟು ಸರಿಮಾಡುತ್ತಾರೆ. ರಕ್ತ ಹಾಕಲೇಬೇಕಾದ ತುರ್ತು ಬಂದರೆ ಕಸಿಗೆ ತಯಾರಿ ನಡೆದಿದೆ ಅಂತ ಮೊದಲೇ ಹೇಳಿ.

ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರುಮಾಡಿಸಿ. ಡಯಾಲಿಸಿಸ್‌ನವರಿಗೆ ಡಬಲ್ ಡೋಸ್, ಸಾಮಾನ್ಯವಾಗಿ 0, 1, 2, 6 ತಿಂಗಳ ಲೆಕ್ಕ. ಕಸಿ ಆದಮೇಲೆ ಲಸಿಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಬೀಡಿ, ಗುಟ್ಕಾ ಇದ್ದರೆ ಇವತ್ತೇ ಬಿಡಿಸಿ.

ದಾವಣಗೆರೆ
ನಮ್ಮ ಅಮ್ಮನಿಗೆ ಬೇಡ ಅಂದುಬಿಟ್ಟರು. ಹೃದಯದ ಪಂಪಿಂಗ್ ತೀರಾ ಕಡಿಮೆ ಇತ್ತು. ಬೇರೆ ಕಡೆ ತೋರಿಸಿದೆವು, ಅಲ್ಲೂ ಅದೇ ಮಾತು. ಅದನ್ನು ನುಂಗಿಕೊಳ್ಳುವುದು ಕಷ್ಟವೇ. ನಿಮಗೆ ಹೀಗೇ ಆಗುತ್ತದೆ ಅಂತಲ್ಲ. ‘ಈಗ ಬೇಡ’ ಅಂದರಾ, ‘ಯಾವತ್ತೂ ಬೇಡ’ ಅಂದರಾ ಅಂತ ಬಿಡಿಸಿ ಕೇಳಿ. ಸೋಂಕು, ತೂಕ, ಬ್ಲಾಕ್ ಇವಕ್ಕೆಲ್ಲ ಔಷಧಿಯೋ ಸಮಯವೋ ಇದೆ. ಕ್ಯಾನ್ಸರ್ ಗುಣವಾದವರನ್ನೂ ಅದರ ಬಗೆ ನೋಡಿ, ಕೆಲವರಿಗೆ ಕೆಲವು ವರ್ಷ ಕಾಯಿಸಿ, ತೆಗೆದುಕೊಳ್ಳುತ್ತಾರೆ.

ಮಂಗಳೂರು, ತಂಗಿಗೆ ಕಿಡ್ನಿ ಕೊಟ್ಟವನು
ವಯಸ್ಸು 61 ಅಂತ ಹೆದರಬೇಡಿ, ದೇಹ ಹೇಗಿದೆ ಅನ್ನೋದೇ ಲೆಕ್ಕ. ಮೃತ ದಾನಿಗಳ ಪಟ್ಟಿಗೆ ಹೆಸರು ಹಾಕಿಸಲು ಇದ್ದ 65ರ ಮಿತಿಯನ್ನೂ 2023ರಲ್ಲಿ ಕೇಂದ್ರ ತೆಗೆದುಹಾಕಿದೆ.

ಅಳಿಯನ ವಿಷಯ ಸ್ವಲ್ಪ ಗಮನಿಸಿ. ನಮ್ಮ ಕಾನೂನು 1994ರದ್ದು, 2011ರಲ್ಲಿ ತಿದ್ದುಪಡಿ ಆಯಿತು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಇಷ್ಟೇ ಹತ್ತಿರದ ಸಂಬಂಧ. ಅಳಿಯ ಇದರಲ್ಲಿ ಬರುವುದಿಲ್ಲ. ಅವರು ಕೊಡಬೇಕಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು, ದುಡ್ಡಿನ ವ್ಯವಹಾರ ಇಲ್ಲ ಅಂತ ಮನವರಿಕೆ ಮಾಡಿಕೊಡಬೇಕು.

ಅಮ್ಮನದು ಬಿ ಅಂದಿರಿ, ಓ ಇರುವ ಅಪ್ಪನಿಗೆ ಅದು ನೇರವಾಗಿ ಹೊಂದುವುದಿಲ್ಲ. ಎರಡು ಕುಟುಂಬ ದಾನಿಗಳನ್ನು ಅದಲು ಬದಲು ಮಾಡಿಕೊಳ್ಳುವ ಸ್ವಾಪ್‌ಗೆ ಕಾನೂನಿನಲ್ಲಿ ಜಾಗ ಇದೆ. ಆದರೆ ಓ ರೋಗಿಗೆ ಓ ಕಿಡ್ನಿಯೇ ಬೇಕು. ಓ ದಾನಿಯಾದರೋ ಯಾವ ಗುಂಪಿಗೂ ಕೊಡಬಹುದು, ಹಾಗಾಗಿ ಅಂಥವರು ಸ್ವಾಪ್‌ಗೆ ಬರುವುದೇ ಅಪರೂಪ. ಇನ್ನೊಂದು ದಾರಿ, ಪ್ಲಾಸ್ಮಾ ಬದಲಿಸಿ ಆಂಟಿಬಾಡಿ ತಗ್ಗಿಸಿ ಬೇರೆ ಗುಂಪಿನ ಕಿಡ್ನಿಯನ್ನೇ ಹಾಕುವುದು. ಖರ್ಚು ಜಾಸ್ತಿ, ಸೋಂಕಿನ ಭಯವೂ ಜಾಸ್ತಿ.

ಕೇಳಿದವರು, ಶಿವಮೊಗ್ಗ
ಚಿಕ್ಕಪ್ಪನದು ಓ. ಅವರಿಗೆ 54. ಚಿಕ್ಕಮ್ಮ ಹೆದರುತ್ತಿದ್ದಾರೆ. ಕೇಳೋಕೆ ಮುಜುಗರ.

ಮಂಗಳೂರು, ತಂಗಿಗೆ ಕಿಡ್ನಿ ಕೊಟ್ಟವನು
ನೀವು ಒತ್ತಾಯ ಮಾಡಬೇಡಿ. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರನ್ನೂ ಆಸ್ಪತ್ರೆಯಲ್ಲಿ ಕಸಿಯ ಕೆಲಸ ನೋಡಿಕೊಳ್ಳುವ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಹತ್ತಿರ ಕಳಿಸಿ, ಜೊತೆಗೆ ನೀವು ಕೂರಬೇಡಿ. ನನ್ನನ್ನೂ ಒಬ್ಬನನ್ನೇ ಕೂರಿಸಿ ಮನಸ್ಸಿದೆಯಾ ಅಂತ ಕೇಳಿದ್ದರು. ದಾನಿಗೂ ದೊಡ್ಡ ತಪಾಸಣೆಯೇ: ಬಿಪಿ, ಶುಗರ್, 24 ಗಂಟೆಯ ಮೂತ್ರ, ಎರಡು ಕಿಡ್ನಿ ಬೇರೆ ಬೇರೆಯಾಗಿ ಎಷ್ಟು ಕೆಲಸ ಮಾಡುತ್ತಿವೆ ಅಂತ ಡಿಟಿಪಿಎ ಸ್ಕ್ಯಾನ್, ಕಿಡ್ನಿಯ ರಕ್ತನಾಳ ನೋಡಲು ಸಿಟಿ ಆಂಜಿಯೋ. ಶುಗರ್ ಮನೆತನ ನಿಮ್ಮದು, ಅವರ ಶುಗರ್ ಟೆಸ್ಟ್ ಮೊದಲು ಆಗಲಿ. ಅಲ್ಲೇ ಬೇಡ ಅಂದರೆ ಉಳಿದ ಖರ್ಚು ಉಳಿಯುತ್ತದೆ, ಅಲ್ವಾ? ಇದರ ಜೊತೆಗೇ ಅಪ್ಪನ ಹೆಸರನ್ನು ಜೀವಸಾರ್ಥಕತೆ ಪಟ್ಟಿಗೆ, ಅಂದರೆ ಮೃತ ದಾನಿಗಳ ಅಂಗಕ್ಕಾಗಿ ಕಾಯುವವರ ರಾಜ್ಯದ ಪಟ್ಟಿಗೆ, ಆಸ್ಪತ್ರೆಯಿಂದಲೇ ಹಾಕಿಸಿಬಿಡಿ. ಚಿಕ್ಕಪ್ಪನ ಉತ್ತರಕ್ಕೆ ಕಾಯುತ್ತಾ ಅದನ್ನು ನಿಲ್ಲಿಸಬೇಡಿ.