ಅಪ್‌ಡೇಟ್: ಲ್ಯಾಬ್‌ನವ್ರು ಕೊನೆಗೂ ಅಡೆಜೆನೆಟ್ ಮುಟ್ಟಿದ್ರು

ಹೋದ್ವಾರ ಕೇಳಿದ್ನಲ್ಲ, ನಮ್ ಲ್ಯಾಬಲ್ಲಿ ರಾಗಿ ತಳಿಗಳ ಡಿಎನ್‌ಎ ಡೇಟಾನ ಗುಂಪು ಮಾಡೋಕೆ ಎಲ್ರೂ ಸ್ಟ್ರಕ್ಚರ್ ಅನ್ನೋ ಸಾಫ್ಟ್‌ವೇರ್ ಒಂದನ್ನೇ ಹಿಡ್ಕೊಂಡು ಕೂತಿದಾರೆ, ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಲಿರೋ ಅಡೆಜೆನೆಟ್ ಪ್ಯಾಕೇಜ್ ಕಡೆ ಹೆಂಗೆ ತಿರುಗಿಸೋದು ಅಂತ. ಟ್ಯುಟೋರಿಯಲ್ ಲಿಂಕ್ ಕಳ್ಸಿ ಅಂದಿದ್ರಿ, ಕಳ್ಸಿದೆ, ಒಬ್ರೂ ತೆಗೀಲಿಲ್ಲ. ಸ್ಲೈಡ್ ಮಾಡಿ ಇದು ಫ್ರೀ ಅಂದೆ, ಸ್ಟ್ರಕ್ಚರೂ ಫ್ರೀನೇ ಅಲ್ವಾ ಅಂದ್ರು, ನನ್ ಬಾಯಿ ಬಂದ್.

ಕೆಲ್ಸಕ್ಕೆ ಬಂದಿದ್ದು "ಅವ್ರದ್ದೇ ಫೈಲ್ ಹಾಕಿ ತೋರ್ಸಿ" ಅಂದವ್ರ ಐಡಿಯಾ. ಸೀನಿಯರ್ ಅಕ್ಕನ ಫೈಲ್ ತಗೊಂಡು ಡಿಎಪಿಸಿ (ಅಡೆಜೆನೆಟ್‌ನಲ್ಲಿ ಗುಂಪುಗಳನ್ನ ಬೇರ್ಪಡಿಸಿ ತೋರ್ಸೋ ವಿಧಾನ) ಓಡಿಸ್ದೆ, ಸ್ಟ್ರಕ್ಚರ್ ರಾತ್ರಿಯಿಡೀ ಓಡ್ತಿದ್ದಿದ್ದು ಇಲ್ಲಿ ಟೀ ಆರೋದ್ರೊಳಗೆ ಮುಗೀತು, ಗುಂಪುಗಳೂ ಕತ್ತರಿಸಿಟ್ಟಂಗೆ ಬೇರೆ ಬೇರೆ, ನಾನು ಬೀಗ್ತಿದ್ದೆ, ಅಕ್ಕ "ಇಷ್ಟು ಚೆಂದ ಬರಲ್ಲ ಕಣೋ" ಅಂದ್ರು. ನಿಜ, 60 ಸ್ಯಾಂಪಲ್‌ಗೆ 50 ಪಿಸಿ (ಡೇಟಾನ ಹಿಂಡಿ ತೆಗ್ದ ಮುಖ್ಯ ಅಕ್ಷಗಳು) ಇಟ್ಬಿಟ್ಟಿದ್ದೆ, ಅಷ್ಟಿಟ್ರೆ ಇಲ್ಲದ ವ್ಯತ್ಯಾಸನೂ ಇದ್ದಂಗೆ ಕಾಣುತ್ತೆ! ಎಷ್ಟು ಪಿಸಿ ಸಾಕು ಅಂತ ಪರೀಕ್ಷಿಸೋ ಎಕ್ಸ್‌ವಾಲ್‌ಡಿಎಪಿಸಿ ಹಾಕಿ ಇಳಿಸಿದ್ಮೇಲೆ ಎರಡು ಗುಂಪು ಒಂದರ ಮೇಲೊಂದು ಬಂತು.

ನಂಗೆ ಹೊಸದಾಗಿ ಗೊತ್ತಾಗಿದ್ದು, ಸ್ಟ್ರಕ್ಚರ್ ಗುಂಪಿನೊಳಗೆ ಹಾರ್ಡಿ-ವೈನ್‌ಬರ್ಗ್ ಸಮತೋಲನ (ಗಿಡಗಳು ಯಾವ್ದ್ರ ಜೊತೆ ಬೇಕಾದ್ರೂ ಬೆರೆತಾಗ ಬರೋ ಜೀನ್ ಅನುಪಾತ) ಇದೆ ಅಂತ ಅಂದ್ಕೊಂಡೇ ಲೆಕ್ಕ ಹಾಕುತ್ತೆ, ರಾಗಿ ನೋಡಿದ್ರೆ ಸ್ವಕೀಯ ಪರಾಗಸ್ಪರ್ಶದ ಬೆಳೆ, ಡಿಎಪಿಸಿಗೆ ಆ ಷರತ್ತೇ ಇಲ್ಲ. ಅಕ್ಕ ಬಗ್ಗಿದ್ದು ಸ್ಪೀಡಿಗಲ್ಲ, ಇದಕ್ಕೆ. ಈಗ ಅವ್ರೇ ಜೂನಿಯರ್ಸ್‌ಗೆ ಇನ್‌ಸ್ಟಾಲ್ ಮಾಡಿಸ್ತಿದಾರೆ.