ಅಪ್‌ಡೇಟ್: 'ದೃಶ್' ಧಾತುವಿಗೆ 'ಪಶ್ಯತಿ' ಹೇಗೆ ಬಂತೆಂದು ತಿಳಿಯಿತು

ಮಗಳ ಸಂಸ್ಕೃತ ಪಾಠದಲ್ಲಿ 'ನೋಡು' ಎಂಬರ್ಥದ ಧಾತು (ಕ್ರಿಯಾಪದದ ಮೂಲ) 'ದೃಶ್' ಎಂದಿದೆ, ರೂಪ ಮಾತ್ರ 'ಪಶ್ಯತಿ' (ನೋಡುತ್ತಾನೆ), ಏಕೆ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ನಿಮ್ಮ ಸಲಹೆಯಂತೆ ನಿನ್ನೆ ಮಗಳೊಂದಿಗೆ ಚಾಮರಾಜಪೇಟೆಯ ನಿವೃತ್ತ ಮೇಷ್ಟರೊಬ್ಬರ ಮನೆಗೆ ಹೋಗಿದ್ದೆ.

ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಅವರು ಪೆನ್ಸಿಲಿನಿಂದ ಎರಡು ಸಾಲು ಬರೆದರು. ಮೇಲೆ ಪಶ್ಯತಿ, ಅಪಶ್ಯತ್, ಪಶ್ಯತು. ಕೆಳಗೆ ದದರ್ಶ, ದ್ರಕ್ಷ್ಯತಿ, ದೃಷ್ಟ್ವಾ. ಮೇಲಿನ ಸಾಲಿನಲ್ಲಿರುವಂತೆ, ಶಕಾರ 'ಇತ್' ಆಗಿರುವ (ಅಂದರೆ 'ಶ್' ಗುರುತಿಗಷ್ಟೇ ಇದ್ದು ರೂಪದಲ್ಲಿ ಉಳಿಯದ) ಪ್ರತ್ಯಯ ಮುಂದೆ ಬಂದಾಗ ಮಾತ್ರ 'ದೃಶ್' ಜಾಗಕ್ಕೆ 'ಪಶ್ಯ' ಆದೇಶವಾಗಿ, ಅಂದರೆ ಬದಲಿಯಾಗಿ, ಬರುತ್ತದೆ ಎಂಬುದು ಪಾಣಿನಿಯ ಸೂತ್ರ (7.3.78). 'ಪಾ'ಗೆ (ಕುಡಿ) 'ಪಿಬ', 'ಸ್ಥಾ'ಗೆ (ನಿಲ್ಲು) 'ತಿಷ್ಠ' ಬರುವುದೂ ಅದರಿಂದಲೇ.

ನನ್ನ ಮನಸ್ಸು ಸೆಳೆದದ್ದು ಭಾಷಾಶಾಸ್ತ್ರದ ವಿವರಣೆ. ಮೂಲದಲ್ಲಿ ಇವು ಎರಡು ಬೇರೆ ಬೇರೆ ಧಾತುಗಳಂತೆ. 'ಪಶ್ಯ'ದ ಹಿಂದಿರುವುದು 'ಸ್ಪಶ್' (ನೋಡು). ಋಗ್ವೇದದಲ್ಲಿ ವರುಣನ ಸುತ್ತ ಕುಳಿತ ಗೂಢಚಾರರ ಹೆಸರೇ 'ಸ್ಪಶಃ'. ಲ್ಯಾಟಿನ್ನಿನ 'ಸ್ಪೆಕಿಯೊ' ಇದರ ಬಂಧು. ನಾವು ದಿನವೂ ಆಡುವ 'ಸ್ಪಷ್ಟ' ಕೂಡ ಈ 'ಸ್ಪಶ್' ಧಾತುವಿನದೇ ಕೃದಂತ (ಧಾತುವಿಗೆ ಪ್ರತ್ಯಯ ಸೇರಿ ಆದ ಪದ)! ಇಷ್ಟು ವರ್ಷ ಆ ಪದವನ್ನು ಬಳಸಿಯೂ ಅದರೊಳಗೆ ನೋಟವಿದೆಯೆಂದು ನನಗೆ ಹೊಳೆದಿರಲಿಲ್ಲ.

ಹಿಂದಿರುಗುವಾಗ ಕಾಫಿಗೆ ನಿಂತೆವು. ಹೋಟೆಲಿನ ಫಲಕ ನೋಡಿ ಮಗಳು ಕೇಳಿದಳು: "ದರ್ಶಿನಿ ಅಂದರೆ, ಇದೂ ದೃಶ್ ತಾನೇ?" ಹೌದು, ಅದೇ ಧಾತು.